ಹೇಳಲು ಬರಬೇಕು, ಕೇಳಲೂ ಬರಬೇಕು

ತಿಪಟೂರು ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ರೀಟೇಲ್ ವಿಷಯದ ವೃತ್ತಿ ತರಬೇತುದಾರಳಾಗಿ ಕೆಲಸ ಮಾಡುತ್ತಿದ್ದೇನೆ. ಎನ್‌ಎಸ್‌ಕ್ಯುಎಫ್, ಅಂದರೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಡಿ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳು ತೃತೀಯ ಭಾಷೆಯ ಬದಲಿಗೆ ಈ ವಿಷಯವನ್ನು ಆಯ್ದುಕೊಳ್ಳಬಹುದು. ಅಂಗಡಿಯ ಕಪಾಟಿನಲ್ಲಿ ಸಾಮಾನು ಜೋಡಿಸುವುದು, ದಾಸ್ತಾನು ಲೆಕ್ಕ, ಬಿಲ್ಲಿಂಗ್, ಗ್ರಾಹಕರೊಡನೆ ವ್ಯವಹಾರ ಇವೆಲ್ಲ ಪಾಠದ ಭಾಗವಾದರೆ, ಸಂವಹನ, ಸ್ವನಿರ್ವಹಣೆ, ಕಂಪ್ಯೂಟರ್ ಬಳಕೆ, ಉದ್ಯಮಶೀಲತೆ ಮತ್ತು ಪರಿಸರಸ್ನೇಹಿ ಕೌಶಲಗಳು ಯಾವ ಟ್ರೇಡ್ ತೆಗೆದುಕೊಂಡರೂ ತಪ್ಪುವುದಿಲ್ಲ. ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆಯೊಂದಿಗೆ ಮೌಖಿಕ ಪರೀಕ್ಷೆಯೂ ಇರುತ್ತದೆ. ಹಳ್ಳಿಯಿಂದ ಬಂದ ಅನೇಕ ಮಕ್ಕಳಿಗೆ ಪರಿಚಯವಿಲ್ಲದ ದೊಡ್ಡವರೊಬ್ಬರು ಎದುರಿಗೆ ಕುಳಿತು ಪ್ರಶ್ನೆ ಕೇಳುವ ಮೊದಲ ಸಂದರ್ಭ ಅದೇ ಆಗಿರುತ್ತದೆ.

ಈ ಮಕ್ಕಳನ್ನು ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ದುಡಿಮೆಗೆ ಹಚ್ಚುವುದು ಯಾರ ಉದ್ದೇಶವೂ ಅಲ್ಲ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯ್ದೆಯು 14ರಿಂದ 18 ವರ್ಷದವರನ್ನೂ ಅಪಾಯಕಾರಿ ಕೆಲಸಗಳಿಂದ ದೂರವಿಟ್ಟಿದೆ. ಹೆಚ್ಚಿನವರು ಪಿಯುಸಿ, ಐಟಿಐ ಅಥವಾ ಡಿಪ್ಲೊಮಾ ಕಡೆಗೆ ಹೋಗುತ್ತಾರೆ. ಆದರೂ ಬಿಡದಿಯ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯಂತಹ ಕಡೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದವರೇ ಆಯ್ಕೆಯ ಸಂದರ್ಶನಕ್ಕೆ ಕೂರಬೇಕಾಗುತ್ತದೆ. ಉಳಿದವರಿಗೂ ಅಂತಹ ದಿನ ಎರಡು ಮೂರು ವರ್ಷಗಳಲ್ಲಿ ಬಂದೇ ಬರುತ್ತದೆ, ಮತ್ತು ಆಗ ಅವರಿಗೆ ಹೇಳಿಕೊಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಸಂದರ್ಶನದ ತಯಾರಿ ಎಂದೊಡನೆ ನಮ್ಮ ಕಡೆ ಮೊದಲು ನಡೆಯುವುದು ಕಂಠಪಾಠ. ‘ಮೈಸೆಲ್ಫ್’ ಎಂದು ಆರಂಭವಾಗಿ, ತಂದೆಯ ಹೆಸರು, ಊರು, ಹವ್ಯಾಸ ಎಲ್ಲವನ್ನೂ ದಾಟಿ ‘ಥ್ಯಾಂಕ್ಯೂ ಸರ್’ ಎಂದು ಮುಗಿಯುವ ಆ ಇಂಗ್ಲಿಷ್ ಪರಿಚಯವನ್ನು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ನಡುವೆ ಯಾರಾದರೂ ‘ನಿಮ್ಮೂರು ಎಲ್ಲಿ ಬರುತ್ತದೆ?’ ಎಂದು ಕೇಳಿದರೆ ಮುಗಿಯಿತು, ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬೇಕು, ಅದನ್ನು ಬೇರೆಯಾಗಿಯೇ ಕಲಿಸಬೇಕು. ಆದರೆ ಕೆಲಸ ಕೊಡುವವರು ತಿಳಿಯಬಯಸುವುದು ಈ ಹುಡುಗ ಯಾವ ಕೆಲಸವನ್ನು ಕೈಯಾರೆ ಮಾಡಿದ್ದಾನೆ, ಅದನ್ನು ಎಷ್ಟು ಅರ್ಥಮಾಡಿಕೊಂಡು ಮಾಡಿದ್ದಾನೆ ಎಂಬುದನ್ನು. ಅದಕ್ಕೆ ಕಂಠಪಾಠದಲ್ಲಿ ಉತ್ತರ ಸಿಗುವುದಿಲ್ಲ.

ಆದ್ದರಿಂದ ನನ್ನ ತರಗತಿಯ ಅಣಕು ಸಂದರ್ಶನವು ‘ಮನೆಯಲ್ಲಿ ಏನು ಕೆಲಸ ಮಾಡುತ್ತೀಯ?’ ಎಂಬ ಪ್ರಶ್ನೆಯಿಂದ ಆರಂಭವಾಗುತ್ತದೆ. ಸಾಮಾನ್ಯವಾಗಿ ಬರುವ ಉತ್ತರ ‘ಏನೂ ಇಲ್ಲ ಮಿಸ್.’ ತೋಟದ ಮನೆಯ ಹುಡುಗನೊಬ್ಬ ಹಾಗೆಯೇ ಅಂದ. ಅಟ್ಟದ ಮೇಲಿನ ಕಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಾಗ ಮಾತು ಹೊರಟಿತು. ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತಾರೆ. ನೀರು ಪೂರ್ತಿ ಇಂಗಿ ಒಳಗಿನ ಕೊಬ್ಬರಿ ಕರಟದಿಂದ ಬಿಟ್ಟುಕೊಂಡ ಮೇಲೆ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎಂದು ಶಬ್ದ ಬರುತ್ತದೆ. ಆ ಶಬ್ದ ಕೇಳಿಯೇ ಅವನು ಸುಲಿಯಬೇಕಾದ ಕಾಯಿಯನ್ನು ಬೇರೆ ಮಾಡುತ್ತಾನೆ. ಒಡೆದ ನಂತರ ಉಂಡೆಯಾಗಿ ಉಳಿದದ್ದು ಒಂದು ಕಡೆ, ಒಡೆದುಹೋದದ್ದು ಇನ್ನೊಂದು ಕಡೆ, ಕೌಟು ವಾಸನೆ ಬಂದದ್ದು ಮತ್ತೊಂದು ಕಡೆ ಹಾಕಬೇಕು. ಚೀಲದಲ್ಲಿ ಕೆಟ್ಟದ್ದು ಬೆರೆತಿದ್ದರೆ ಮಂಡಿಯಲ್ಲಿ ಇಡೀ ಚೀಲದ ಬೆಲೆ ಇಳಿಯುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಗುಣಮಟ್ಟ ಪರಿಶೀಲನೆ, ವಿಂಗಡಣೆ, ದಾಸ್ತಾನು ನಿರ್ವಹಣೆ ಎಂದು ನಮ್ಮ ಪಠ್ಯವು ಮೂರು ಅಧ್ಯಾಯಗಳಲ್ಲಿ ಹೇಳುವುದನ್ನು ಅವನು ನಾಲ್ಕು ನಿಮಿಷದಲ್ಲಿ ಹೇಳಿ ಮುಗಿಸಿದ್ದ, ಅದೂ ತಡವರಿಸದೆ.

ಇನ್ನೊಬ್ಬ ಹುಡುಗಿ ತಾಯಿಯ ಸ್ವಸಹಾಯ ಸಂಘದ ಪುಸ್ತಕ ಬರೆಯುತ್ತಾಳೆ. ಪ್ರತಿ ವಾರ ಯಾರು ಉಳಿತಾಯ ಕಟ್ಟಿದರು, ಯಾರ ಕಂತು ಬಾಕಿ, ಬಡ್ಡಿ ಎಷ್ಟಾಯಿತು ಎಂದು ಕೂಡಿ, ಕೈಯಲ್ಲಿರುವ ಹಣಕ್ಕೂ ಪುಸ್ತಕಕ್ಕೂ ತಾಳೆ ನೋಡುತ್ತಾಳೆ. ಲೆಕ್ಕ ತಪ್ಪಿದರೆ ಏನು ಮಾಡುತ್ತೀಯ ಎಂದು ಕೇಳಿದೆ. ‘ಅಳಿಸಿ ಹಾಕಲ್ಲ ಮಿಸ್, ಗೆರೆ ಎಳೆದು ಪಕ್ಕದಲ್ಲಿ ಬರೀತೀನಿ, ಅಧ್ಯಕ್ಷರ ಸಹಿ ಹಾಕಿಸ್ತೀನಿ’ ಎಂದಳು. ಬಿಲ್ಲಿಂಗ್ ಕೌಂಟರಿಗೆ ಜನರನ್ನು ಆರಿಸುವ ಯಾವ ಮ್ಯಾನೇಜರ್ ಆದರೂ ಈ ಒಂದು ವಾಕ್ಯಕ್ಕಾಗಿ ಅವಳನ್ನು ತೆಗೆದುಕೊಳ್ಳುತ್ತಾರೆಂದು ನಾನು ನಂಬುತ್ತೇನೆ. ಇಂತಹ ಕೆಲಸವನ್ನು ಏನು ಮಾಡಿದೆ, ಹೇಗೆ ಮಾಡಿದೆ, ತೊಂದರೆ ಬಂದಾಗ ಏನು ಮಾಡಿದೆ ಎಂಬ ಕ್ರಮದಲ್ಲಿ ಹೇಳುವುದನ್ನು ನಾವು ಅಭ್ಯಾಸ ಮಾಡಿಸುತ್ತೇವೆ. ಮೊದಲು ಕನ್ನಡದಲ್ಲಿ, ಅದು ಸಲೀಸಾದ ಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ.

ನಿಲುವು, ಉಡುಪು, ಸಮಯಪಾಲನೆ ಇವನ್ನು ಮಕ್ಕಳು ಬೇಗ ಕಲಿಯುತ್ತಾರೆ. ಕಷ್ಟವಾಗುವುದು ದೃಷ್ಟಿ. ದೊಡ್ಡವರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು, ಎದುರು ಮಾತಾಡಬಾರದು ಎಂದು ಮನೆಯಲ್ಲಿ ಕಲಿಸಿರುತ್ತಾರೆ. ಸಂದರ್ಶಕರು ಅದೇ ನಡವಳಿಕೆಯನ್ನು ಧೈರ್ಯವಿಲ್ಲವೆಂದು ಬರೆದುಕೊಳ್ಳುತ್ತಾರೆ. ಮನೆಯ ಮರ್ಯಾದೆಯನ್ನು ತಪ್ಪೆಂದು ಹೇಳುವ ಅಗತ್ಯವಿಲ್ಲ. ಪ್ರಶ್ನೆ ಕೇಳುವಾಗ ಅವರ ಮುಖ ನೋಡು, ಉತ್ತರವನ್ನು ಪೂರ್ತಿ ವಾಕ್ಯದಲ್ಲಿ ಹೇಳು, ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ ಸರ್, ತೋರಿಸಿಕೊಟ್ಟರೆ ಕಲಿಯುತ್ತೇನೆ’ ಎನ್ನು ಎಂದಷ್ಟೇ ಹೇಳುತ್ತೇನೆ.

ನನ್ನ ದೃಷ್ಟಿಯಲ್ಲಿ ತಯಾರಿಯ ಇನ್ನರ್ಧ ಇರುವುದು ಪ್ರಶ್ನೆ ಕೇಳುವುದರಲ್ಲಿ, ಮತ್ತು ಶಾಲೆಗಳಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ. ಸಂಬಳ ಎಷ್ಟು ಎಂದು ಕೇಳುವುದೇ ದುರಾಸೆ ಎಂಬ ಭಾವನೆ ಮಕ್ಕಳಲ್ಲಿದೆ. ಅದಕ್ಕಾಗಿ ನಾವು ಗಣಿತದ ಅವಧಿಯಲ್ಲಿ ವೇತನ ಚೀಟಿಯನ್ನು ಹಲಗೆಯ ಮೇಲೆ ಬರೆಯುತ್ತೇವೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 14,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಭವಿಷ್ಯನಿಧಿಗೆ (ಪಿಎಫ್) ಶೇಕಡಾ 12ರಂತೆ 1,680, ನೌಕರರ ರಾಜ್ಯ ವಿಮೆಯಾದ ಇಎಸ್‌ಐಗೆ ಶೇಕಡಾ 0.75ರಂತೆ 105 ರೂಪಾಯಿ ಕಡಿತವಾಗಿ ಕೈಗೆ 12,215 ಬರುತ್ತದೆ. ಕಡಿತವಾದ ಹಣ ನಷ್ಟವಲ್ಲ, ಪಿಎಫ್ ಖಾತೆಗೆ ಮಾಲೀಕರೂ ತಮ್ಮ ಪಾಲು ಕಟ್ಟುತ್ತಾರೆ, ಇಎಸ್‌ಐ ಇದ್ದರೆ ಆಸ್ಪತ್ರೆಯ ಸೌಲಭ್ಯ ಸಿಗುತ್ತದೆ ಎಂದು ತಿಳಿದಾಗ ಮಕ್ಕಳ ಪ್ರಶ್ನೆಯೇ ಬದಲಾಗುತ್ತದೆ. ‘ಸಂಬಳ ಎಷ್ಟು?’ ಎಂಬ ಜಾಗದಲ್ಲಿ ‘ಕೈಗೆ ಎಷ್ಟು ಬರುತ್ತದೆ, ಪಿಎಫ್ ಇದೆಯೇ, ವೇತನ ಚೀಟಿ ಕೊಡುತ್ತೀರಾ?’ ಎಂದು ಕೇಳಲು ಕಲಿಯುತ್ತಾರೆ. ಪ್ರಶ್ನೆ ಮರ್ಯಾದೆಯಿಂದಲೇ ಬರಬೇಕು, ಆದರೆ ಬರಬೇಕು.

ದಾಖಲೆಗಳ ವಿಷಯ ನೀರಸವೆನಿಸಬಹುದು, ಆದರೆ ಕೆಲಸಕ್ಕೆ ಸೇರುವ ದಿನ ನಮ್ಮ ಮಕ್ಕಳನ್ನು ಹೆಚ್ಚು ಕಾಡುವುದು ಅದೇ. ಆಧಾರ್‌ನಲ್ಲಿ ಬರೀ ಹೆಸರು, ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ತಂದೆಯ ಪೂರ್ತಿ ಹೆಸರು ಹೀಗೆ ಒಬ್ಬರೇ ಮೂರು ಜನರಾಗಿರುತ್ತಾರೆ. ಪಿಎಫ್ ಖಾತೆಯನ್ನು ಆಧಾರ್‌ಗೆ ಜೋಡಿಸುವಾಗ ಈ ವ್ಯತ್ಯಾಸ ತೊಡಕಾಗುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಾಯಿಸುವ ಮೊದಲು ಶಾಲೆಯಲ್ಲಿ ವಿವರಗಳನ್ನು ತೋರಿಸಿ ಸಹಿ ಪಡೆಯುತ್ತಾರಲ್ಲ, ಆಗಲೇ ಹೆಸರಿನ ಕಾಗುಣಿತ, ಇನಿಷಿಯಲ್, ಜನ್ಮ ದಿನಾಂಕವನ್ನು ಆಧಾರ್ ಪಕ್ಕಕ್ಕಿಟ್ಟು ನೋಡಬೇಕು. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದಿಸಲು ಓಡಾಟ ಬಹಳ. ನಮ್ಮ ಶಾಲೆಯಲ್ಲಿ ಇದನ್ನೇ ಒಂದು ಪ್ರಾಯೋಗಿಕ ಪಾಠವಾಗಿ ಮಾಡಿದ್ದೇವೆ. ಮಕ್ಕಳು ಪರಸ್ಪರರ ಕಾಗದಗಳನ್ನು ಪರಿಶೀಲಿಸಿ ತಪ್ಪು ಹುಡುಕುತ್ತಾರೆ, ಅದರಲ್ಲಿ ಅವರಿಗೆ ವಿಶೇಷ ಉತ್ಸಾಹ.

ಹಾಗೆಯೇ ಮೂಲ ಅಂಕಪಟ್ಟಿಯನ್ನು ತೋರಿಸಬೇಕೇ ಹೊರತು ಬಿಟ್ಟು ಬರಬಾರದು, ಕೊಡಬೇಕಾದದ್ದು ಸಹಿ ಮಾಡಿದ ಜೆರಾಕ್ಸ್ ಪ್ರತಿ. ಕೆಲಸ ಕೊಡುತ್ತೇವೆಂದು ನೋಂದಣಿಗೋ ಸಮವಸ್ತ್ರಕ್ಕೋ ಮುಂಗಡ ಹಣ ಕೇಳಿದರೆ ಅಲ್ಲಿಂದ ಎದ್ದು ಬರಬೇಕು. ಹಳೆಯ ವಿದ್ಯಾರ್ಥಿಯೊಬ್ಬ ಫೋನ್‌ಪೇಯಲ್ಲಿ ಹಣ ಕಳಿಸಿ, ನಂತರ ಆ ನಂಬರೇ ಇಲ್ಲದಂತಾದ ಕಥೆಯನ್ನು ತಾನೇ ಬಂದು ತರಗತಿಯಲ್ಲಿ ಹೇಳಿದ. ನನ್ನ ಉಪನ್ಯಾಸಕ್ಕಿಂತ ಅದು ಹೆಚ್ಚು ನಾಟಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಸಂದರ್ಶನವು ಮನೆಯಲ್ಲೇ ಆರಂಭವಾಗುತ್ತದೆ. ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ವಾಹನ ಎಲ್ಲಿಯವರೆಗೆ ಬರುತ್ತದೆ, ಹಾಸ್ಟೆಲ್ ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಉತ್ತರ ಸಿಗದೆ ತಂದೆತಾಯಿ ಒಪ್ಪುವುದಿಲ್ಲ, ಒಪ್ಪಬೇಕೆಂದು ನಾನೂ ಒತ್ತಾಯಿಸುವುದಿಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ ಎಂಬುದನ್ನು ಮಕ್ಕಳೊಂದಿಗೆ ಪೋಷಕರಿಗೂ ತಿಳಿಸುತ್ತೇವೆ. ಕಳೆದ ಪೋಷಕರ ಸಭೆಯಲ್ಲಿ ಸಂದರ್ಶನದಲ್ಲಿ ಮಕ್ಕಳು ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಓದಿ ಹೇಳಿದಾಗ, ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದಿದ್ದ ತಾಯಿಯೊಬ್ಬರು ಕೈ ಎತ್ತಿ, ‘ಮಿಸ್, ಊಟಕ್ಕೂ ಗಾಡಿಗೂ ಸಂಬಳದಲ್ಲಿ ಎಷ್ಟು ಹಿಡಿಯುತ್ತೀರಿ ಅಂತ ಕೇಳೋದು ಬಿಟ್ಟಿದ್ದೀರಲ್ಲ’ ಎಂದರು. ಈಗ ಪಟ್ಟಿಯಲ್ಲಿ ಸಂಬಳದ ಪ್ರಶ್ನೆಯ ಕೆಳಗೇ ಅದನ್ನು ಬರೆದುಕೊಂಡಿದ್ದೇವೆ.