ಊಟದ ಸಾಲಿನಲ್ಲಿ ಕೋಲು ಯಾರ ಕೈಯಲ್ಲಿತ್ತು

ಪಕ್ಕದ ಮನೆ ಅಜ್ಜಿ ಬೆಳಿಗ್ಗೆಯೇ ಮೊಮ್ಮಗನ ಕೈ ಹಿಡಿದುಕೊಂಡು ಬಂದರು. "ಇವ ಶಾಲಿಗಿ ಒಲ್ಲೆ ಅಂತಾನವ್ವ. ದಿನಾ ಹೊಟ್ಟಿಬ್ಯಾನಿ ಅಂತಾನ. ನೀನರ ಕರ್ಕೊಂಡು ಹೋಗು."

ಇದು ಕಳೆದ ಆಗಸ್ಟ್‌ನ ಮಾತು. ನಮ್ಮದು ಲಿಂಗಸುಗೂರು ತಾಲ್ಲೂಕಿನ ಒಂದು ಊರು. ಮಳೆ ಕೈಕೊಟ್ಟರೆ ಇಲ್ಲಿ ಓಣಿಗೆ ಓಣಿಯೇ ಗುಳೆ, ಅಂದರೆ ಕೂಲಿ ಹುಡುಕಿಕೊಂಡು ವಲಸೆ, ಹೋಗುತ್ತದೆ. ಈ ಹುಡುಗನೂ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಹೋಗಿ, ಕಟ್ಟಡ ಕೆಲಸದವರ ಶೆಡ್‌ನಲ್ಲಿ ಇದ್ದು ಬಂದವನು. ಈಗ ಅವರು ಅಲ್ಲೇ ಇದ್ದಾರೆ, ಇವನು ಅಜ್ಜಿ ಹತ್ತಿರ. ನಾಲ್ಕನೇ ತರಗತಿ. ಓದೋದು ಸ್ವಲ್ಪ ತಡವರಿಸುತ್ತಾನೆ.

ದಾರಿಯಲ್ಲಿ ನಾನು ಏನೂ ಕೇಳಲಿಲ್ಲ. ಹನುಮಪ್ಪನ ಗುಡಿ ಕಟ್ಟೆ ಮೇಲೆ ಕೂತಾಗ ಅವನೇ ಬಾಯಿ ಬಿಟ್ಟ. "ಚಿಗವ್ವ, ಏಳನೇತ್ತೇರು ನನ್ನ ತತ್ತಿ ಕಸ್ಕೊಂತಾರ. ಗುಳೆ ಬಂದ, ಗುಳೆ ಬಂದ ಅಂತ ಕೂಗ್ತಾರ. ಚೀಲ ಜಾಲಿಕಂಟ್ಯಾಗ ಒಗದ್ರು." ಸರ್‌ಗೆ ಹೇಳಿದ್ಯಾ ಅಂದೆ. "ಹೇಳಿದ್ರ ಚಾಡಿ ಹೇಳ್ತೀಯಾ ಅಂತ ಮತ್ತ ಬಡೀತಾರ."

ನಮ್ಮ ಕಡೆ ಶಾಲೆಗಳಲ್ಲಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದಾರೆ, ತಿನ್ನದವರಿಗೆ ಬಾಳೆಹಣ್ಣು. ಅಜ್ಜಿಯ ಮನೆಯಲ್ಲಿ ಮೊಟ್ಟೆ ಅನ್ನೋದು ಹಬ್ಬ. ಅದು ಅವನ ತಟ್ಟೆಗೆ ಬಂದು ಮತ್ತೊಬ್ಬರ ಕೈಗೆ ಹೋಗುತ್ತಿತ್ತು.

ನಾನು ಎಸ್‌ಡಿಎಂಸಿ, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯ ಸದಸ್ಯೆ. ಅವತ್ತು ಮಧ್ಯಾಹ್ನದವರೆಗೆ ಶಾಲೆಯಲ್ಲೇ ಕೂತೆ. ಊಟದ ಗಂಟೆ ಹೊಡೆದಾಗ ನೋಡಿದ್ದನ್ನು ಮರೆಯೋಕೆ ಆಗಲ್ಲ. ಸಾಲು ನೋಡಿಕೊಳ್ಳುತ್ತಿದ್ದವರು ಅದೇ ಏಳನೇ ತರಗತಿ ಹುಡುಗರು. ಒಬ್ಬನ ಕೈಯಲ್ಲಿ ಕೋಲು. ಸಾಲು ತಪ್ಪಿದ ಸಣ್ಣ ಮಕ್ಕಳ ಕಾಲಿಗೆ ಅದರಿಂದ ತಟ್ಟುತ್ತಿದ್ದ. ಕೋಲು ಅವನು ಮನೆಯಿಂದ ತಂದದ್ದಲ್ಲ, ಶಾಲೆಯೇ ಕೊಟ್ಟದ್ದು! ಶಿಕ್ಷಕರು ಕಡಿಮೆ, ಇದ್ದವರಿಗೆ ಆನ್‌ಲೈನ್ ಲೆಕ್ಕ ತುಂಬುವ ಕೆಲಸ ಬೇರೆ. ಅದಕ್ಕೆ ಲೀಡರ್ ಮಾಡಿ ಬಿಟ್ಟಿದ್ದರು. ಆ ಹುಡುಗರಿಗೆ ಹಸಿವಿರಲಿಲ್ಲ, ಅವರ ತಟ್ಟೆಯಲ್ಲೂ ಮೊಟ್ಟೆ ಇತ್ತು. ಕೈಗೆ ಅಧಿಕಾರ ಸಿಕ್ಕಿತ್ತು, ಕೇಳೋರು ಯಾರೂ ಇರಲಿಲ್ಲ, ಅಷ್ಟೇ.

ಹೆಡ್‌ಮಾಸ್ಟರ್ ಕೆಟ್ಟವರಲ್ಲ. ಆದರೆ ಮೊದಲು ಅಂದದ್ದು, "ಹುಡುಗ್ರಂದಮ್ಯಾಲ ಇದೆಲ್ಲ ಇರದ ರೀ ಅಮ್ಮ. ಕರೆಸಿ ನಾಕು ಬಾರಸ್ತೀನಿ ತಗೀರಿ." ನಾನು ಬೇಡ ಅಂದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯೋದು, ಮನಸ್ಸಿಗೆ ಹಿಂಸೆ ಕೊಡೋದು ಎರಡೂ ನಿಷೇಧ. ಅದಕ್ಕಿಂತ ದೊಡ್ಡ ಮಾತು ಅಂದ್ರೆ, ಮಧ್ಯಾಹ್ನ ಅವರಿಗೆ ಬಿದ್ದ ಏಟು ಸಂಜೆ ಈ ಹುಡುಗನ ಬೆನ್ನಿಗೆ ಬರುತ್ತದೆ. ಹೇಳಿದ ಮಗುವಿಗೆ ಏನೂ ಆಗದ ಹಾಗೆ ನೋಡಿಕೊಳ್ಳೋದೇ ಮೊದಲ ಕೆಲಸ, ಅಲ್ವಾ?

ಹಾಗಾಗಿ ಅವನ ಹೆಸರಲ್ಲಿ ದೂರು ಕೊಡಲಿಲ್ಲ, ನಾನು ಕಣ್ಣಾರೆ ಕಂಡದ್ದನ್ನು ನನ್ನ ಹೆಸರಲ್ಲಿ ಬರೆದೆ. ಯಾವ ದಿನ, ಎಲ್ಲಿ, ಏನಾಯಿತು, ಆಗ ಶಿಕ್ಷಕರು ಯಾರಿದ್ದರು ಎಲ್ಲ ಹಾಕಿದೆ. ಒಂದು ಪ್ರತಿಗೆ ಸಹಿ, ಸೀಲು ಹಾಕಿಸಿಕೊಂಡೆ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಸೀಲು ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕು. ಇಲ್ಲದಿದ್ದರೆ ಅದನ್ನೇ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಬಹುದು.

ಅದೇ ವಾರ ಎಸ್‌ಡಿಎಂಸಿ ಸಭೆ ಕರೆಸಿದೆವು. ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ನಮ್ಮಲ್ಲಿ ಹೆಂಗಸರು ಸಹಿ ಮಾಡಿ ಹೋಗೋದೇ ಜಾಸ್ತಿ. ಅವತ್ತು ಎಲ್ಲರೂ ಮಾತಾಡಿದರು. ಒಬ್ಬ ತಾಯಿ, ತನ್ನ ಮಗಳು ಊಟಕ್ಕೆ ಮನೆಗೆ ಓಡಿ ಬರುವ ಕಾರಣ ಈಗ ಗೊತ್ತಾಯಿತು ಅಂದರು. ಆ ದೊಡ್ಡ ಹುಡುಗರ ಅಪ್ಪಂದಿರನ್ನೂ ಕರೆಸಿದ್ದೆವು. ಒಬ್ಬರು ಸಿಟ್ಟಾದರು, ಆಮೇಲೆ ಕೇಳಿಸಿಕೊಂಡರು.

ಕೋಲು ಹೋಯಿತು. ಈಗ ಒಬ್ಬ ಶಿಕ್ಷಕರು ಮಕ್ಕಳ ಜೊತೆಗೇ ಕೂತು ಊಟ ಮಾಡುತ್ತಾರೆ, ಸರದಿ ಪ್ರಕಾರ. ಏಳನೇ ತರಗತಿಯವರಿಗೆ ಬಡಿಸುವ ಕೆಲಸ. ದೂರು ಪೆಟ್ಟಿಗೆ ಹೆಡ್‌ಮಾಸ್ಟರ್ ರೂಮಿನ ಬಾಗಿಲಲ್ಲೇ ಇತ್ತು, ಎಲ್ಲರ ಕಣ್ಣೆದುರು ಯಾವ ಮಗು ಚೀಟಿ ಹಾಕುತ್ತದೆ? ಅದನ್ನು ನೀರಿನ ಟ್ಯಾಂಕಿನ ಹಿಂದಿನ ಗೋಡೆಗೆ ಹಾಕಿಸಿದೆವು. ಶನಿವಾರ ಒಬ್ಬ ತಾಯಿಯ ಎದುರಿಗೇ ತೆಗೆಯಬೇಕು ಅಂತ ಠರಾವು ಬರೆಸಿದೆವು. ಗೋಡೆ ಮೇಲೆ ಮಾಸಿಹೋಗಿದ್ದ 1098 ಸಂಖ್ಯೆಯನ್ನು ಹೊಸದಾಗಿ ಬರೆಸಿ, ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಯಾವಾಗಲಾದರೂ ಕರೆಯಬಹುದು, ದುಡ್ಡು ಬೀಳಲ್ಲ ಅಂತ ಪ್ರಾರ್ಥನೆ ಹೊತ್ತಿನಲ್ಲಿ ಮಕ್ಕಳಿಗೆ ಹೇಳಿಸಿದೆವು.

ಹುಡುಗನನ್ನು ನಾನು ಆಗಾಗ ಕೇಳುತ್ತಲೇ ಇದ್ದೆ. ಒಂದು ಸಲ ಮತ್ತೆ ಚೀಲ ಎಳೆದಿದ್ದರು. ಅವತ್ತು ಅವನೇ ಹೋಗಿ ಸರ್‌ಗೆ ಹೇಳಿ ಬಂದಿದ್ದ. ಗುಳೆ ಅಂತ ಕೂಗೋದು ಪೂರ್ತಿ ನಿಂತಿಲ್ಲ.

ಹೋದ ಶನಿವಾರ ಪೆಟ್ಟಿಗೆಯಲ್ಲಿ ಒಂದು ಚೀಟಿ ಬಂತು. ಶೌಚಾಲಯದ ದಾರಿಯಲ್ಲಿ ಹೊರಗಿನವನೊಬ್ಬ ನಿಂತು ಹೆಣ್ಣುಮಕ್ಕಳಿಗೆ ಏನೇನೋ ಅಂತಾನೆ ಅಂತ ಪೆನ್ಸಿಲ್‌ನಲ್ಲಿ ಬರೆದಿತ್ತು. ಇದು ಊರ ಹಿರಿಯರು ಕೂತು ರಾಜಿ ಮಾಡಿಸುವ ವಿಷಯವಲ್ಲ. ಮಕ್ಕಳಿಗೆ ಲೈಂಗಿಕ ಕಿರುಕುಳ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ಹೆಡ್‌ಮಾಸ್ಟರ್ ಈ ಸಲ ಬಿಡ್ರಿ ಅನ್ನಲಿಲ್ಲ. ಚೀಟಿ ಹಿಡಿದು ನನ್ನ ಜೊತೆ ಠಾಣೆಗೆ ಬಂದರು.