ಬಾವಿ ನೀರು ಮುಟ್ಟುವುದಿಲ್ಲ, ದಾರಿ ಬಿಡಿ

ನೆಬೋ ಬೆಟ್ಟ ಜೋರ್ಡಾನಿನ ಮಾದಬಾ ಊರಿಂದ ಹತ್ತು ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ಬೇಗ ಟ್ಯಾಕ್ಸಿ ಹಿಡಿದು ಹೋದೆ. ಕೆಳಗೆ ಮೃತ ಸಮುದ್ರ, ಅದರಾಚೆ ಮಸುಕು ಮಸುಕಾಗಿ ಗುಡ್ಡಗಳು. ಅಲ್ಲಿಟ್ಟ ಫಲಕದಲ್ಲಿ ಯೆರಿಕೋ 27 ಕಿ.ಮೀ., ಯೆರೂಸಲೇಮ್ 46 ಕಿ.ಮೀ. ಅಂತಿದೆ. ಇಸ್ರಾಯೇಲ್ಯರ ಮುಂದಾಳು ಮೋಶೆ, ದೇವರು ತನ್ನ ಜನಕ್ಕೆ ಕೊಡುತ್ತೇನೆಂದ ಕಾನಾನ್ ನಾಡನ್ನು ಇಲ್ಲಿಂದ ಕಣ್ತುಂಬ ನೋಡಿದ, ಆದರೆ ಅಲ್ಲಿಗೆ ಕಾಲಿಡಲಿಲ್ಲ ಎನ್ನುತ್ತದೆ ಬೈಬಲ್. ಬಂದವರೆಲ್ಲ ಆ ಕಡೆಗೇ ನೋಡುತ್ತಾರೆ. ನನಗೆ ಜಾಸ್ತಿ ಕುತೂಹಲ ಇದ್ದದ್ದು ಬೆನ್ನ ಹಿಂದಿನ ನಾಡಿನ ಬಗ್ಗೆ. ಅದು ಮೋವಾಬ್ ಎಂಬ ಹಳೆಯ ರಾಜ್ಯ.

ಈ ನಾಡಿನ ಉದ್ದಕ್ಕೂ ರಾಜಮಾರ್ಗ ಎಂಬ ಹಳೆಯ ದಾರಿ ಹಾದುಹೋಗುತ್ತದೆ. ಈಗ ಡಾಂಬರು ರಸ್ತೆ, ಹೆಸರು ಮಾತ್ರ ಅದೇ. ಬೈಬಲ್ಲಿನ ಅರಣ್ಯಕಾಂಡದಲ್ಲಿ, ಈಜಿಪ್ಟಿನಿಂದ ಕಾನಾನಿಗೆ ಹೊರಟ ಇಸ್ರಾಯೇಲ್ಯರು ಅಮೋರಿಯರ ಅರಸ ಸೀಹೋನನಿಗೆ ಹೇಳಿಕಳಿಸುತ್ತಾರೆ: ಹೊಲಕ್ಕೆ, ದ್ರಾಕ್ಷಿತೋಟಕ್ಕೆ ಇಳಿಯುವುದಿಲ್ಲ, ಬಾವಿ ನೀರು ಕುಡಿಯುವುದಿಲ್ಲ, ರಾಜಮಾರ್ಗದಲ್ಲೇ ಹೋಗುತ್ತೇವೆ. ಅದಕ್ಕೂ ಮುಂಚೆ ಮೋವಾಬಿನ ನೆರೆನಾಡಾದ ಎದೋಮಿನವರಿಗೆ, ನಮ್ಮ ದನಕರು ನೀರು ಕುಡಿದರೆ ದುಡ್ಡು ಕೊಡುತ್ತೇವೆ ಅಂತಲೂ ಹೇಳಿದ್ದರು. ಇಬ್ಬರೂ ದಾರಿ ಬಿಡಲಿಲ್ಲ. ಎದೋಮನ್ನು ಅವರು ಸುತ್ತಿ ಹೋದರು. ಸೀಹೋನ ದಂಡು ಕಟ್ಟಿ ಬಂದು ಸೋತ, ಅವನ ನಾಡು ಇಸ್ರಾಯೇಲ್ಯರ ಪಾಲಾಯಿತು. ಆ ನಾಡನ್ನು ಸೀಹೋನ ಮೋವಾಬ್ಯರಿಂದ ಕಿತ್ತುಕೊಂಡಿದ್ದ ಅನ್ನೋದನ್ನೂ ಅದೇ ಅಧ್ಯಾಯ ಮುಚ್ಚಿಡದೆ ಹೇಳುತ್ತದೆ.

ಇದೆಲ್ಲ ಹೀಗೇ ನಡೆಯಿತು ಅನ್ನಲು ನೆಲದಲ್ಲಿ ಪುರಾವೆ ಸಿಕ್ಕಿಲ್ಲ. ಸೀಹೋನನ ರಾಜಧಾನಿ ಹೆಷ್ಬೋನ್ ಎಂದು ಗುರುತಿಸುವ ದಿಬ್ಬವನ್ನು 1968ರಿಂದ ಅಗೆದರೂ ಸೀಹೋನನ ಕಾಲದ್ದೆನ್ನುವ ಪಟ್ಟಣ ಕಾಣಲಿಲ್ಲ. ಇಸ್ರೇಲ್ ಎಂಬ ಹೆಸರು ಕ್ರಿ.ಪೂ. 1208ರ ಸುಮಾರಿಗೆ ಈಜಿಪ್ಟಿನ ಮೆರ್ನೆಪ್ತಾ ದೊರೆ ಕೆತ್ತಿಸಿದ ಕಲ್ಲಿನಲ್ಲಿ ಬರುತ್ತದೆ. ಅಲ್ಲಿ ಅದು ಊರಿನ ಹೆಸರಲ್ಲ, ಒಂದು ಜನದ ಹೆಸರು. ಅವರಲ್ಲಿ ಹೆಚ್ಚಿನವರು ಕಾನಾನಿನೊಳಗೇ ಹುಟ್ಟಿ ಬೆಳೆದವರು ಎಂದು ಈಗ ಬಹಳ ವಿದ್ವಾಂಸರು ಹೇಳುತ್ತಾರೆ.

ಆದರೆ ಇಸ್ರೇಲಿಗೂ ಮೋವಾಬಿಗೂ ಜಗಳ ಇದ್ದದ್ದು ಮಾತ್ರ ನಿಜ. ಅದರ ಪುರಾವೆಗೆ ದೀಬಾನಿಗೆ ಹೋಗಬೇಕು.

ದೀಬಾನ್ ಸಣ್ಣ ಊರು. ಪಕ್ಕದ ದಿಬ್ಬದ ಮೇಲೆ ಒಣಹುಲ್ಲು, ಕುಸಿದ ಗೋಡೆ, ಮೇಯುವ ಕುರಿಗಳು. ನಾನು ಹೋದಾಗ ಬೇರೆ ಯಾರೂ ಇರಲಿಲ್ಲ. 1868ರಲ್ಲಿ ಇಲ್ಲೇ ಮೋವಾಬಿನ ಅರಸ ಮೇಷನ ಕರಿಕಲ್ಲಿನ ಶಾಸನ ಸಿಕ್ಕಿದ್ದು. ಹೊರಗಿನವರು ಅದಕ್ಕಾಗಿ ಪೈಪೋಟಿಗೆ ಬಿದ್ದಾಗ, ಇಲ್ಲಿನ ಅಲೆಮಾರಿ ಬೆದೂಯಿನರು ಕಲ್ಲನ್ನು ಕಾಯಿಸಿ, ತಣ್ಣೀರು ಸುರಿದು ಒಡೆದರು. ಚೂರುಗಳನ್ನು ಕೂಡಿಸಿ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಇಟ್ಟಿದ್ದಾರೆ.

ಕ್ರಿ.ಪೂ. 840ರ ಸುಮಾರಿನ ಆ ಶಾಸನ ಇದೇ ನಾಡಿನ ಜಗಳವನ್ನು ಎದುರು ಪಾಳಯದಿಂದ ಹೇಳುತ್ತದೆ. ಇಸ್ರೇಲಿನ ಅರಸ ಒಮ್ರಿ ಮೋವಾಬನ್ನು ಬಹಳ ಕಾಲ ತುಳಿದ. ಮೋವಾಬ್ಯರ ದೇವರು ಕೆಮೋಷ್ ಮೇಷನಿಗೆ, ಹೋಗಿ ನೆಬೋವನ್ನು ಹಿಡಿ ಅಂದ. ರಾತ್ರಿ ಹೊರಟೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದಾಡಿದೆ, 7000 ಜನರನ್ನು ಕೊಂದೆ ಎನ್ನುತ್ತಾನೆ ಮೇಷ. ಬೆಳಿಗ್ಗೆ ನಾನು ತಣ್ಣನೆ ಗಾಳಿಯಲ್ಲಿ ಸುಮ್ನೆ ನಿಂತಿದ್ದೆನಲ್ಲ, ಅದೇ ನೆಬೋ ಸೀಮೆ. ಇಸ್ರಾಯೇಲ್ಯರ ಗಾದ್ ಕುಲದವರು ಇದೇ ನಾಡಿನ ಅಟಾರೋತ್ ಸೀಮೆಯಲ್ಲಿ ಹಿಂದಿನಿಂದಲೂ ಇದ್ದರು ಅಂತ ಅವನೇ ಒಪ್ಪುತ್ತಾನೆ. ಅವನ ಭಾಷೆಯೂ ಹೀಬ್ರೂವಿಗೆ ತೀರಾ ಹತ್ತಿರದ್ದು. ಒಬ್ಬರ ಬೈಗುಳ ಇನ್ನೊಬ್ಬರಿಗೆ ನೇರ ಅರ್ಥವಾಗುತ್ತಿತ್ತು ಅಲ್ವಾ? ನನಗೆ ಸಂಕಟವಾಗಿದ್ದು ಅಲ್ಲೇ.

ಅದೇ ಕಲ್ಲಿನಲ್ಲಿ ಇನ್ನೊಂದು ಮಾತಿದೆ. ಊರಲ್ಲಿ ನೀರಿನ ತೊಟ್ಟಿ ಇರಲಿಲ್ಲ, ಪ್ರತಿಯೊಬ್ಬರೂ ಮನೆಯಲ್ಲೇ ಒಂದೊಂದು ತೋಡಿಕೊಳ್ಳಿ ಅಂದೆ ಎಂದು ಅರಸ ಬರೆಸಿದ್ದಾನೆ. ದಿಬ್ಬದ ಮೇಲೆ ಅಂಥ ಒಂದು ತೊಟ್ಟಿಯ ಬಾಯಿ ಕಂಡಿತು. ನಮ್ಮ ಮನೆಗಳ ಸಂಪ್ ಹಾಗೇ. ಯಾವ ಕಾಲದ್ದೋ, ಅಂಚಿನ ಕಲ್ಲು ಸವೆದು ನುಣ್ಣಗಾಗಿದೆ. ಮಂಡಿಯೂರಿ ಬಗ್ಗಿದೆ. ಒಳಗೆ ಮಣ್ಣು, ಒಂದು ಪ್ಲಾಸ್ಟಿಕ್ ಬಾಟಲಿ.

ಅಲ್ಲಿಂದ ಮುಂದೆ ರಸ್ತೆ ಆರ್ನೋನ್ ಹೊಳೆಯ ಆಳವಾದ ಕಮರಿಗೆ ಇಳಿಯುತ್ತದೆ. ಬೈಬಲ್ಲಿನಲ್ಲಿ ಸೀಹೋನನ ನಾಡಿಗೂ ಮೋವಾಬಿಗೂ ನಡುವಿನ ಗಡಿ ಅದೇ, ಈಗಿನ ಹೆಸರು ಮುಜಿಬ್. ತಳದಲ್ಲಿ ಅಣೆಕಟ್ಟು ಕಟ್ಟಿದ್ದಾರೆ, ರಾಜಮಾರ್ಗ ಅದರ ಮೇಲೇ ದಾಟುತ್ತದೆ. ಡ್ರೈವರ್ ಗಾಡಿ ನಿಧಾನ ಮಾಡಿ ನೀರಿನ ಮಟ್ಟ ನೋಡಿದರು. ಅವರ ಮನೆಯ ನಲ್ಲಿಗೆ ವಾರಕ್ಕೊಮ್ಮೆ ನೀರು ಬರುತ್ತದಂತೆ.