ಮದ್ದಿನ ಬಟ್ಟೆ ಒಗೆಯುವವರ ಕೈ

ಅಡಿಕೆಗೆ ಮದ್ದು ಬಿಡುವ ಕಾಲ ಬಂದರೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಎಲ್ಲರ ಬಾಯಲ್ಲೂ ಮೈಲುತುತ್ತಿನ ಬೆಲೆ, ಮರ ಹತ್ತುವವರ ಸಂಬಳ, ಮಳೆ ಬಿಡುವು ಕೊಟ್ಟೀತೇ ಎಂಬ ಚಿಂತೆ. ಸಂಜೆ ಆ ಬಟ್ಟೆ ಒಗೆಯುವವರ ಕೈಯನ್ನು ಕುರಿತು ಯಾರೂ ಮಾತನಾಡುವುದಿಲ್ಲ. ನಮ್ಮ ಮನೆಯಲ್ಲಿ ಒಗೆಯುವವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಇದು ಮೈಗೆ ತಾಗಿದರೆ ಗೊತ್ತಾಗುತ್ತದೆ. ಬೆರಳ ಸಂದಿ ಉರಿಯುತ್ತದೆ, ಕಣ್ಣಿಗೆ ಹಾರಿದರೆ ದೊಡ್ಡ ಅಪಾಯ. ಆದರೆ ಗಾಯವಿಲ್ಲದ ಚರ್ಮವನ್ನು ದಾಟಿ ತಾಮ್ರ ಒಳಗೆ ಹೋಗುವುದು ಬಹಳ ಕಡಿಮೆ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ತಾಗಿದ್ದನ್ನು ಮುಚ್ಚಿಡುವುದಿಲ್ಲ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ, ಕಾರ್ಡಾಲ್‌ಗಳಿಂದ ಬೀಜ ಒಡೆಯುವ ಹೆಂಗಸರ ಬೆರಳು ಕಪ್ಪಾಗಿ ಸುಲಿದುಹೋಗುತ್ತದೆ. ಅದು ಒಗ್ಗದವರಲ್ಲಿ ಕೆಲವರಿಗೆ ಮಾವಿನ ಸೊನೆಯೂ ಆಗುವುದಿಲ್ಲ. ಗೇರು, ಮಾವು ಒಂದೇ ಕುಟುಂಬದ ಮರಗಳು.

ಹೀಗೆ ಉರಿಯನ್ನೇ ನಂಬಿ ಬದುಕಿದವರಿಗೆ ಉರಿಯದ ಮದ್ದು ಅಪಾಯವೆನಿಸುವುದಿಲ್ಲ. "ಕೈಗೆ ಏನೂ ಆಗಲಿಲ್ಲವಲ್ಲ ಅಕ್ಕಾ, ಮತ್ತೆ ಯಾಕೆ ಹೆದರಿಕೆ?" ಎಂದು ಕೆಲಸಕ್ಕೆ ಬರುವ ಹುಡುಗ ಕೇಳುತ್ತಾನೆ. ನನ್ನ ಹೆದರಿಕೆ ಇರುವುದೇ ಅಲ್ಲಿ.

ನಮ್ಮ ಜಿಲ್ಲೆಗೆ ಇದನ್ನು ಬೇರೆ ಯಾರೂ ಬಂದು ಕಲಿಸಬೇಕಾಗಿಲ್ಲ. ಗೇರು ತೋಟಗಳ ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2000ದ ಹೊತ್ತಿಗೆ ಅದು ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಆ ವಿಷವನ್ನು ತಡೆಯಿತು. ಆ ವಿಷ ಬಿದ್ದ ಊರುಗಳಲ್ಲೊಂದಾದ ಎಣ್ಮಕಜೆಯ ಮನೆಗಳಲ್ಲಿ ಇಂದಿಗೂ ಮಲಗಿದಲ್ಲೇ ಇರುವ ಮಕ್ಕಳ ತಾಯಂದಿರನ್ನು ನೋಡಿದವರು ಇದನ್ನು ಹಳೆಯ ಕತೆ ಎನ್ನಲಾರರು. ಎಂಡೋಸಲ್ಫಾನ್ ನರಗಳ ಮೇಲೆ ಕೆಲಸ ಮಾಡುವ ವಿಷ. ಬಾಯಿ, ಉಸಿರು ಮಾತ್ರವಲ್ಲ, ಚರ್ಮವೂ ಅದಕ್ಕೆ ದಾರಿ. ಕೊಬ್ಬಿನಲ್ಲಿ ಕರಗುವ ಇಂಥ ವಸ್ತುಗಳು ಚರ್ಮದ ಮೇಲ್ಪದರವನ್ನು ಸುಲಭವಾಗಿ ದಾಟುತ್ತವೆ. ಗುಳ್ಳೆ ಏಳಲೇಬೇಕೆಂದಿಲ್ಲ, ತುರಿಸಲೇಬೇಕೆಂದೂ ಇಲ್ಲ.

ಮೈಯ ಎಲ್ಲ ಕಡೆ ಚರ್ಮ ಒಂದೇ ರೀತಿ ತಡೆಯುವುದೂ ಇಲ್ಲ. 1971ರಲ್ಲಿ ಅಮೆರಿಕದ ಚರ್ಮತಜ್ಞ ಹೊವಾರ್ಡ್ ಮೈಬಾಕ್ ಮತ್ತು ಸಂಗಡಿಗರು ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಮನುಷ್ಯರ ಮೈಯ ಬೇರೆ ಬೇರೆ ಕಡೆ ಹಚ್ಚಿ ಅಳೆದಿದ್ದರು. ಮುಂಗೈಗೆ ಹೋಲಿಸಿದರೆ ಹಣೆ, ನೆತ್ತಿಯಿಂದ ಸುಮಾರು 4 ಪಟ್ಟು, ಕಂಕುಳಿನಿಂದ 7 ಪಟ್ಟು, ವೃಷಣದ ಚರ್ಮದಿಂದ ಸುಮಾರು 12 ಪಟ್ಟು ಹೆಚ್ಚು ಒಳಗೆ ಹೋಗಿತ್ತು. ಇದನ್ನು ಓದಿದ ಮೇಲೆ ನಮ್ಮ ಹಿರಿಯರು ತಲೆಗಿಡುತ್ತಿದ್ದ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆಯ ಮೇಲೆ ನನಗೆ ಗೌರವ ಹೆಚ್ಚಾಯಿತು. ಹಾಗೆಯೇ, ಬೆನ್ನಿಗೆ ಕಟ್ಟಿದ ಕ್ಯಾನ್ ಸೋರಿ ಸೊಂಟದ ಕೆಳಗೆ ಒದ್ದೆಯಾದ ಮುಂಡಿನಲ್ಲೇ ಮಧ್ಯಾಹ್ನದವರೆಗೆ ದುಡಿಯುವವರನ್ನು ಕಂಡರೆ ಸಂಕಟವಾಗುತ್ತದೆ. ಕೈಗೆ ಮಾತ್ರ ಗ್ಲೌಸು ಕೊಟ್ಟು ಸುಮ್ಮನಾಗುವುದು ನ್ಯಾಯವಲ್ಲ. ಬೆವರು, ಬಿಸಿಲು, ಮೈಗಂಟಿದ ಒದ್ದೆ ಬಟ್ಟೆ ಮೂರೂ ಸೇರಿದರೆ ವಿಷಕ್ಕೆ ದಾರಿ ಇನ್ನಷ್ಟು ಸಲೀಸು.

ಆ ಬಟ್ಟೆಯಲ್ಲಿರುವ ವಿಷವೇ ಸಂಜೆ ಒಗೆಯುವವರ ಕೈಗೆ ಬರುತ್ತದೆ. ನಾನು ಮದ್ದಿನ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಸುವುದಿಲ್ಲ. ಬೇರೆ ಬಕೆಟ್, ದಪ್ಪ ರಬ್ಬರ್ ಗ್ಲೌಸು, ಬಿಸಿನೀರು, ಸೋಪಿನ ಪುಡಿ. ಎರಡು ಸಲ ಒಗೆದು ಬಿಸಿಲಿಗೆ ಹಾಕುತ್ತೇನೆ. ನೀರನ್ನು ಬಾವಿಕಟ್ಟೆಯ ಹತ್ತಿರ ಚೆಲ್ಲುವುದಿಲ್ಲ. ನೀರು ಬೆರೆಸದ ಕೀಟನಾಶಕ ಚೆಲ್ಲಿದ ಬಟ್ಟೆಯನ್ನು ಒಗೆಯುವುದೇ ಇಲ್ಲ, ಅದನ್ನು ಮತ್ತೆ ಯಾರೂ ಉಡಬಾರದು. ಅತ್ತೆಗೆ ಮೊದಲು ಇದು ಅತಿಯೆನಿಸಿತ್ತು. ಈಗ ಬಚ್ಚಲ ಹಂಡೆಗೆ ಬೆಂಕಿ ಹಾಕುವವರು ಅವರೇ, ಮದ್ದು ಬಿಟ್ಟವರು ಸೋಪು ಹಚ್ಚಿ ಮೀಯದೆ ಊಟಕ್ಕೆ ಕೂರಲು ಅವರು ಬಿಡುವುದಿಲ್ಲ.

ಕೆಲಸದವರಿಗೆ ಬದಲಿ ಮುಂಡು, ಸೋಪು ನಮ್ಮ ಲೆಕ್ಕದಲ್ಲೇ. ತೋಟ ಮಾಡುವ ಎಲ್ಲರೂ ಇಷ್ಟನ್ನಾದರೂ ಮಾಡಬೇಕು. ಕ್ಯಾನ್ ಸೋರುವುದು ಕಂಡರೆ ಕೆಲಸ ನಿಲ್ಲಿಸಿ, ಆ ದಿನದ ಸಂಬಳ ಮಾತ್ರ ಹಿಡಿಯಬೇಡಿ. ಸಂಬಳ ಹೋಗುತ್ತದೆಂಬ ಹೆದರಿಕೆ ಇದ್ದರೆ ಬೆನ್ನು ಒದ್ದೆಯಾದದ್ದನ್ನು ಯಾರೂ ಹೇಳುವುದಿಲ್ಲ.